ಗಂಜಲದ ಕಾಲುವೆ

ನೆದರ್ಲೆಂಡ್ಸ್‌ನ ಹಳ್ಳಿಯೊಂದರಲ್ಲಿ ಹಂದಿ ಸಾಕುವ ಉದ್ದನೆಯ ಕಟ್ಟಡದ ಪಕ್ಕ ಸೈಕಲ್ ನಿಲ್ಲಿಸಿದವನೇ ಮೂಗಿಗೆ ಕರವಸ್ತ್ರ ಒತ್ತಿಕೊಂಡೆ. ಅದರ ಅಗತ್ಯವೇ ಬೀಳಲಿಲ್ಲ. ಹಿಂಬದಿಯಿಂದ ಹೊರಬರುತ್ತಿದ್ದ ಒದ್ದೆ ಗಾಳಿಗೆ ಹಸಿ ಮಣ್ಣಿನಂಥ ಸಣ್ಣ ವಾಸನೆಯಿತ್ತು, ಅಷ್ಟೆ.

ಒಳಗಿನ ಗಾಳಿಯನ್ನೆಲ್ಲ ಫ್ಯಾನುಗಳು ಒಂದೇ ಕಡೆಗೆ ಎಳೆದು ತರುತ್ತವೆ. ಅಲ್ಲಿ ಜೇನುಗೂಡಿನಂಥ ಪ್ಲಾಸ್ಟಿಕ್ ಗೋಡೆಯ ಮೇಲೆ ಗಂಧಕಾಮ್ಲ ಬೆರೆಸಿದ ನೀರು ಸದಾ ಇಳಿಯುತ್ತಿರುತ್ತದೆ. ಗಾಳಿಯಲ್ಲಿನ ಅಮೋನಿಯಾ ಅದಕ್ಕೆ ಸಿಕ್ಕಿ ಅಮೋನಿಯಂ ಸಲ್ಫೇಟ್ ಆಗುತ್ತದೆ. ನಾವು ಚೀಲಗಟ್ಟಲೆ ಕೊಂಡು ತರುವ ಗೊಬ್ಬರವೇ ಅದು! ಮುಂದಿನ ಹಂತದಲ್ಲಿ ಸೂಕ್ಷ್ಮಜೀವಿಗಳು ನಾರುವ ಅಂಶಗಳನ್ನು ತಿಂದು ಕರಗಿಸುತ್ತವೆ.

ಅದೇ ವರ್ಷ ಊರಿಗೆ ಹೋದಾಗ ಚಿಕ್ಕಪ್ಪನ ಹೊಸ ಕೊಟ್ಟಿಗೆಯಲ್ಲಿ ಐದು ನಿಮಿಷ ನಿಲ್ಲಲಾಗಲಿಲ್ಲ. ಸಿಮೆಂಟು ನೆಲ, ತಗ್ಗು ಛಾವಣಿ, ಸಗಣಿ ಗಂಜಲ ಕಲಸಿಕೊಂಡ ರಾಡಿ. ಕಣ್ಣು ಉರಿಯಿತು. ಮೂಲೆಯಲ್ಲಿದ್ದ ಕರು ಕೆಮ್ಮುತ್ತಿತ್ತು. ಕೇಳಿದರೆ, "ದನ ಕಟ್ಟಿದ ಮೇಲೆ ವಾಸನೆ ಇಲ್ಲದೆ ಇರುತ್ತದೆಯೇನಪ್ಪ?" ಎಂದರು.

ನನಗೆ ಸಹಿಸಲಾಗದ್ದು ಈ ಮಾತೇ. ಗಂಜಲದಲ್ಲಿ ಯೂರಿಯಾ ಇದೆ, ಅದನ್ನು ಒಡೆಯುವ ಕಿಣ್ವ ಸಗಣಿಯಲ್ಲಿದೆ. ಎರಡೂ ಬೆರೆತ ಕೆಲವೇ ಗಂಟೆಗಳಲ್ಲಿ ಅಮೋನಿಯಾ ಏಳುತ್ತದೆ. ಬೆರೆಯಲು ಬಿಡದಿದ್ದರೆ ಮುಕ್ಕಾಲು ಕೆಲಸ ಮುಗಿಯಿತು. ನೆಲಕ್ಕೊಂದಿಷ್ಟು ಇಳಿಜಾರು, ಕೊನೆಗೊಂದು ಕಾಲುವೆ, ಸಗಣಿಯನ್ನು ಆಗಾಗ ಬಾಚುವ ಕೈ ಇದ್ದರಾಯಿತು. ಹಿಂಡಿ ಅತಿಯಾದರೂ ಗಂಜಲದ ಯೂರಿಯಾ ಹೆಚ್ಚುತ್ತದೆ. ಹಾಗಾಗಿ ಮೇವಿನಲ್ಲೂ ಹಿಡಿತ ಬೇಕು. ಇದನ್ನೆಲ್ಲ ಹೇಳಿದರೆ ನಮ್ಮಲ್ಲಿ ನಗುತ್ತಾರೆ. ನೆದರ್ಲೆಂಡ್ಸ್‌ನಲ್ಲಿ 2019ರ ಮೇ ತಿಂಗಳಲ್ಲಿ ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯವು, ಅಮೋನಿಯಾದಂಥ ಸಾರಜನಕದ ಮಾಲಿನ್ಯಕ್ಕೆಂದು ಇದ್ದ ಸರ್ಕಾರಿ ಯೋಜನೆಯನ್ನೇ ನಿಸರ್ಗವನ್ನು ಕಾಯಲು ಸಾಲದೆಂದು ತಳ್ಳಿಹಾಕಿತು. ಅದರ ಬೆನ್ನಿಗೇ ಅಕ್ಟೋಬರಿನಲ್ಲಿ ಪ್ರತಿಭಟನೆಗಿಳಿದ ರೈತರ ಟ್ರ್ಯಾಕ್ಟರುಗಳು ಹೆದ್ದಾರಿ ತುಂಬಿದವು. ಕೊಟ್ಟಿಗೆಯ ಗಾಳಿ ಅಲ್ಲಿ ಸರ್ಕಾರವನ್ನು ನಡುಗಿಸುವಷ್ಟು ದೊಡ್ಡ ವಿಷಯ.

ಹಾಗೆಂದು ಅವರದೆಲ್ಲ ಸರಿ ಎನ್ನಲಾರೆ. ಗಾಳಿ ತೊಳೆಯುವ ಈ ಯಂತ್ರಗಳಲ್ಲಿ ಹಲವು ಕಾಗದದಲ್ಲಿ ಹೇಳಿದಷ್ಟು ವಾಸನೆ ತಡೆಯುವುದಿಲ್ಲವೆಂದು 2018ರಲ್ಲಿ ವಾಗೆನಿಂಗೆನ್ ವಿಶ್ವವಿದ್ಯಾಲಯದ ಅಳತೆಗಳೇ ತೋರಿಸಿದವು. ಆಮ್ಲ ಸುರಿಯಬೇಕಾಗುವಷ್ಟು ಪ್ರಾಣಿಗಳನ್ನು ಒಂದೇ ಸೂರಿನಡಿ ತುಂಬಿದವರೂ ಅವರೇ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಅಜ್ಜಿಯ ಹಳೆಯ ಕೊಟ್ಟಿಗೆ ಹೀಗೆ ನಾರುತ್ತಿರಲಿಲ್ಲ. ದಿನವೂ ಹಾಸುತ್ತಿದ್ದ ಒಣಸೊಪ್ಪು ಗಂಜಲವನ್ನು ಹೀರುತ್ತಿತ್ತು, ಮಿಕ್ಕದ್ದು ಕಲ್ಲಿನ ಕಾಲುವೆಯಲ್ಲಿ ಹರಿದು ಹೊರಗಿನ ಗುಂಡಿ ಸೇರುತ್ತಿತ್ತು. ಹೊಸದನ್ನು ಕಟ್ಟುವಾಗ ಚಿಕ್ಕಪ್ಪ ಆ ಕಲ್ಲುಗಳನ್ನು ಕೀಳಿಸಿದರು. ಅವುಗಳಲ್ಲಿ ಒಂದು ಈಗ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದೆ.