ಯುರೋಪ್ ಸೈನ್ಸ್ ಟೂರ್: ಹಣ ಕಟ್ಟುವ ಮೊದಲು ಊರುಗಳನ್ನು ಎಣಿಸಿ

ಪರೀಕ್ಷೆ ಮುಗಿಯುವ ಹೊತ್ತಿಗೆ ನನ್ನ ಇನ್‌ಬಾಕ್ಸ್‌ಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. "ಮೇಡಂ, ಮಗಳ ಕಾಲೇಜಿನವರು ಯುರೋಪ್ ಸೈನ್ಸ್ ಟೂರ್ ಇಟ್ಟಿದ್ದಾರೆ. ಲಕ್ಷಗಟ್ಟಲೆ ಆಗತ್ತೆ. ಕಳಿಸಬಹುದಾ?" ಫಿಸಿಕ್ಸ್ ಪಾಠ ಮಾಡುವವಳು, ಮಕ್ಕಳ ಜೊತೆ ಹೋಗಿ ಬಂದವಳು ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಟೈಪ್ ಮಾಡುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಕೈಲಾದರೆ ಕಳಿಸಿ. ಆದರೆ ಹಣ ಕಟ್ಟುವ ಮೊದಲು ಬ್ರೋಷರ್ ತೆಗೆದು ಊರುಗಳನ್ನು ಎಣಿಸಿ. ಐದಾರಕ್ಕಿಂತ ಜಾಸ್ತಿ ಇದ್ದರೆ ಅದು ಸೈನ್ಸ್ ಟೂರ್ ಅಲ್ಲ. ಮಾಮೂಲಿ ಯುರೋಪ್ ಪ್ಯಾಕೇಜಿಗೆ ಬಿಳಿ ಕೋಟು ತೊಡಿಸಿದ್ದಾರೆ, ಅಷ್ಟೇ.

ನಾನು ನೋಡಿದ ಒಂದು ಬ್ರೋಷರ್‌ನಲ್ಲಿ ಚಾಕೊಲೇಟ್ ಫ್ಯಾಕ್ಟರಿಯನ್ನು ಕೆಮಿಸ್ಟ್ರಿ ಲೆಕ್ಕಕ್ಕೆ ಹಾಕಿದ್ದರು. ಬ್ರಸೆಲ್ಸ್‌ನ ಅಟಾಮಿಯಂ ಮುಂದೆ ಫೋಟೊ ತೆಗೆಸಿಕೊಂಡರೆ ಅದೂ ಕೆಮಿಸ್ಟ್ರಿಯೇ. ಅದು ಕಬ್ಬಿಣದ ಸ್ಫಟಿಕದ ಮಾದರಿ, ಅಸಲಿಗಿಂತ 16,500 ಕೋಟಿ ಪಟ್ಟು ದೊಡ್ಡದು, ಎಂಟು ಮೂಲೆಗೆ ಎಂಟು ಗುಂಡು, ನಡುವೆ ಒಂದು ಅಂತ ಹೇಳುವವರು ಬಸ್ಸಿನಲ್ಲಿ ಇರುತ್ತಾರಾ? ಕೇಳಿ ನೋಡಿ.

ಪೀಸಾದ ವಾಲಿದ ಗೋಪುರ ಅಂತೂ ಎಲ್ಲ ಪಟ್ಟಿಯಲ್ಲೂ ಇರುತ್ತದೆ. ಗೆಲಿಲಿಯೊ ಎರಡು ಗುಂಡು ಬೀಳಿಸಿದ ಜಾಗ ಅಂತ. ಆ ಕಥೆ ಬರೆದದ್ದು ಶಿಷ್ಯ ವಿವಿಯಾನಿ. ಗೆಲಿಲಿಯೊ ತಾನಾಗಿ ಎಲ್ಲೂ ಹಾಗೆ ಬರೆದಿಲ್ಲ, ಇತಿಹಾಸಕಾರರಲ್ಲಿ ಎಷ್ಟೋ ಜನ ಅದನ್ನು ನಂಬುವುದೂ ಇಲ್ಲ. ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ ಹೋದರೆ ಫ್ಲಾರೆನ್ಸ್. ಅಲ್ಲಿನ ಗೆಲಿಲಿಯೊ ಮ್ಯೂಸಿಯಂನಲ್ಲಿ ಅವನು ಮಾಡಿದ ಎರಡು ದೂರದರ್ಶಕಗಳಿವೆ. 1610ರಲ್ಲಿ ಗುರುಗ್ರಹದ ಚಂದ್ರರನ್ನು ತೋರಿಸಿದ ಮಸೂರ ಇದೆ. ಸೀಳು ಬಿಟ್ಟಿದೆ, ದಂತದ ಚೌಕಟ್ಟಿನಲ್ಲಿ ಜೋಪಾನವಾಗಿ ಕೂರಿಸಿದ್ದಾರೆ. ಗಾಜಿನೊಳಗೆ ಗೆಲಿಲಿಯೊನ ಬೆರಳೇ ಇದೆ! ಬ್ರೋಷರ್‌ನಲ್ಲಿ ಇದ್ಯಾವುದೂ ಇಲ್ಲ. ಗೋಪುರಕ್ಕೆ ಕೈ ಕೊಟ್ಟು ಎತ್ತಿ ಹಿಡಿದ ಫೋಟೊ ಮಾತ್ರ ಇದೆ.

ನನ್ನ ಮಾತು ಇಷ್ಟೇ. ಮಕ್ಕಳು ಎಷ್ಟು ಊರು ನೋಡಿದರು ಅನ್ನುವುದು ಮುಖ್ಯ ಅಲ್ಲ. ಒಂದು ವಸ್ತುವಿನ ಮುಂದೆ ಎಷ್ಟು ಹೊತ್ತು ನಿಂತರು ಅನ್ನುವುದು ಮುಖ್ಯ.

ಪ್ಯಾರಿಸ್ಸನ್ನೇ ತೆಗೆದುಕೊಳ್ಳಿ. ಪ್ಯಾಂಥಿಯಾನ್ ಕಟ್ಟಡದ ಗುಮ್ಮಟದಿಂದ 67 ಮೀಟರ್ ಉದ್ದದ ತಂತಿ ಇಳಿಬಿಟ್ಟಿದ್ದಾರೆ, ತುದಿಗೊಂದು ಗುಂಡು, ಅಂದರೆ ಒಂದು ದೊಡ್ಡ ಲೋಲಕ. 1851ರಲ್ಲಿ ಫ್ರೆಂಚ್ ವಿಜ್ಞಾನಿ ಲಿಯೋನ್ ಫುಕೋ ಇಲ್ಲೇ 28 ಕೆ.ಜಿ. ಗುಂಡು ತೂಗಿಸಿ, ಭೂಮಿ ತಿರುಗುವುದನ್ನು ಒಂದು ಕೋಣೆಯೊಳಗೆ ಜನಕ್ಕೆ ತೋರಿಸಿದ್ದು. ಈಗ ತೂಗುತ್ತಿರುವುದು ನಕಲು. ಒಳಗೆ ಹೋಗಿ, ಫೋಟೊ ತೆಗೆದು, ಹೊರಗೆ ಬರಲು ಹತ್ತು ನಿಮಿಷ ಸಾಕು. ಹೆಚ್ಚಿನ ಗುಂಪುಗಳು ಮಾಡುವುದೂ ಅದನ್ನೇ. ಆ ಹತ್ತು ನಿಮಿಷದಲ್ಲಿ ಕಾಣುವುದೇನು? ಒಂದು ಗುಂಡು ಆಚೆ ಈಚೆ ಹೋಗುತ್ತದೆ.

ನಮ್ಮ ಹುಡುಗರು ಮೊದಲು ಮೊಬೈಲ್ ಸ್ಟಾಪ್‌ವಾಚ್ ತೆಗೆದರು. ಒಮ್ಮೆ ಹೋಗಿ ಬರಲು ಹದಿನಾರೂವರೆ ಸೆಕೆಂಡಿನ ಹತ್ತಿರ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಸೂತ್ರಕ್ಕೆ ಹಾಕಿದರೆ ತಂತಿಯ ಉದ್ದ ಬಂತು, 67ರ ಆಸುಪಾಸು. ಟೇಪು ಹಿಡಿಯದೆ, ಗುಮ್ಮಟ ಹತ್ತದೆ. ಲ್ಯಾಬಿನಲ್ಲಿ ಒಂದು ಮೀಟರ್ ದಾರಕ್ಕೆ ಇದೇ ಲೆಕ್ಕ ಮಾಡುವಾಗ ಆಕಳಿಸುತ್ತಿದ್ದವರು ಇವರೇ.

ಆಮೇಲೆ ಅರ್ಧ ಗಂಟೆ ಸುಮ್ನೆ ನಿಂತರು. ಕೆಳಗಿನ ವೃತ್ತದ ಮೇಲೆ ಗುಂಡು ಹೋಗುವ ಗೆರೆ ಐದಾರು ಡಿಗ್ರಿ ಸರಿದಿತ್ತು. ಸರಿದದ್ದು ಗುಂಡಲ್ಲ, ನಮ್ಮ ಕಾಲ ಕೆಳಗಿನ ನೆಲ. ಪ್ಯಾರಿಸ್‌ನಲ್ಲಿ ಪೂರ್ತಿ ಒಂದು ಸುತ್ತು ಬರಲು 24 ಗಂಟೆ ಅಲ್ಲ, ಸುಮಾರು 32 ಗಂಟೆ ಬೇಕು. ಧ್ರುವದಲ್ಲಿ ನಿಂತರೆ ಮಾತ್ರ ಒಂದು ದಿನ. ಹಾಸನದ ಹುಡುಗಿಯೊಬ್ಬಳು ಕೇಳಿದಳು, "ಮೇಡಂ, ಇದನ್ನ ನಮ್ಮೂರಲ್ಲಿ ಕಟ್ಟಿದ್ರೆ?" ನಾನು ಉತ್ತರ ಹೇಳಲಿಲ್ಲ. ಅಕ್ಷಾಂಶದ ಸೈನ್ ತಗೋ ಅಂದೆ. ಹಾಸನ 13 ಡಿಗ್ರಿ ಉತ್ತರದಲ್ಲಿದೆ. ಭಾಗಾಕಾರ ಮಾಡಿದಳು. 106 ಗಂಟೆ ಚಿಲ್ಲರೆ, ಅಂದರೆ ನಾಲ್ಕೂವರೆ ದಿನಕ್ಕೆ ಸ್ವಲ್ಪ ಕಮ್ಮಿ. "ಹಾಗಾದ್ರೆ ಸಮಭಾಜಕದ ಮೇಲೆ ತಿರುಗೋದೇ ಇಲ್ಲ!" ಅಂತ ಪಕ್ಕದ ಹುಡುಗ ಕೂಗಿದ. ಅಲ್ಲಿದ್ದ ಕಾವಲಿನವರು ತಿರುಗಿ ನೋಡಿದರು.

ಅದೇ ಹೊತ್ತಿಗೆ ಟೂರ್ ಮ್ಯಾನೇಜರ್ ಬಾಗಿಲಲ್ಲಿ ವಾಚು ತೋರಿಸುತ್ತಿದ್ದರು. ಪರ್ಫ್ಯೂಮ್ ಮ್ಯೂಸಿಯಂಗೆ ಹೊತ್ತಾಯ್ತಂತೆ. ಅದನ್ನು ಕ್ಯಾನ್ಸಲ್ ಮಾಡಿಸಿದೆ. ಕೆಲವು ಹುಡುಗಿಯರು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.

ಐಫೆಲ್ ಟವರ್ ಬೇಡ ಅಂತ ಹೇಳುವಷ್ಟು ಒಣ ಮನುಷ್ಯಳಲ್ಲ ನಾನು. ಹೋಗಲಿ, ಆದರೆ ಕತ್ತೆತ್ತಿ ನೋಡಲಿ. ಮೊದಲ ಅಂತಸ್ತಿನ ಕೆಳಗೆ ಸುತ್ತಲೂ 72 ವಿಜ್ಞಾನಿ, ಎಂಜಿನಿಯರ್‌ಗಳ ಹೆಸರು ಬರೆಸಿದ್ದರು ಗುಸ್ತಾವ್ ಐಫೆಲ್. ಫುಕೋ ಹೆಸರೂ ಇದೆ. ಎಲ್ಲರೂ ಗಂಡಸರು. ಲೋಹ ಎಷ್ಟು ಬಾಗುತ್ತದೆ, ಹೇಗೆ ಕಂಪಿಸುತ್ತದೆ ಎನ್ನುವ ಗಣಿತಕ್ಕೆ ದುಡಿದ ಸೋಫಿ ಜರ್ಮೇನ್ ಅವರಲ್ಲಿ ಇಲ್ಲ. ಅದೂ ಕಬ್ಬಿಣದಲ್ಲೇ ಕಟ್ಟಿದ ಗೋಪುರದ ಮೇಲೆ!

ಇನ್ನು ಗೊಟ್ಟಿಂಗನ್. ಈ ಊರು ಯಾವ ಏಜೆನ್ಸಿಯ ಪಟ್ಟಿಯಲ್ಲೂ ನಾನು ನೋಡಿಲ್ಲ. ಜರ್ಮನಿಯ ಸಣ್ಣ ಯೂನಿವರ್ಸಿಟಿ ಊರು. ಕೋಟೆ ಇಲ್ಲ, ಸರೋವರ ಇಲ್ಲ, ರೀಲ್ಸ್ ಮಾಡುವಂಥದ್ದೇನೂ ಇಲ್ಲ. ನಾನು ಹಟ ಹಿಡಿದು ಸೇರಿಸಿದ್ದು ಅಲ್ಲಿನ ಸ್ಮಶಾನಕ್ಕಾಗಿ. ಸಂಜೆ ಒಬ್ಬ ಹುಡುಗನ ತಾಯಿ ಫೋನ್ ಮಾಡಿ, "ಅಷ್ಟು ದುಡ್ಡು ಕೊಟ್ಟು ಮಕ್ಕಳನ್ನ ಸ್ಮಶಾನಕ್ಕೆ ಕರ್ಕೊಂಡು ಹೋದ್ರಾ ಮೇಡಂ? ರೂಮಿಗೆ ಹೋಗಿ ಸ್ನಾನನಾದ್ರೂ ಮಾಡಿದ್ನಾ?" ಅಂದರು. ಮಾಡಿಸಿದೆವು ಅಂದೆ.

ಆ ಸ್ಮಶಾನದಲ್ಲಿ ಕ್ವಾಂಟಂ ಸಿದ್ಧಾಂತ ಶುರುಮಾಡಿದ ಮ್ಯಾಕ್ಸ್ ಪ್ಲಾಂಕ್ ಇದ್ದಾರೆ. ಕಲ್ಲಿನ ಮೇಲೆ ಅವರ ಸ್ಥಿರಾಂಕ ಕೆತ್ತಿದ್ದಾರೆ. ಗಣಿತಜ್ಞ ಹಿಲ್ಬರ್ಟ್ ಇದ್ದಾರೆ. ಆಟೋ ಹಾನ್ ಸಮಾಧಿಯ ಮೇಲೆ ಯುರೇನಿಯಂ ಪರಮಾಣು ಒಡೆಯುವ ಸಮೀಕರಣ. ಮ್ಯಾಕ್ಸ್ ಬಾರ್ನ್ ಸಮಾಧಿಯ ಮೇಲೆ ಕ್ವಾಂಟಂ ಸಿದ್ಧಾಂತದ ಒಂದು ಸಾಲು: ಸ್ಥಾನವನ್ನೂ ಸಂವೇಗವನ್ನೂ ಹಿಂದು ಮುಂದು ಮಾಡಿ ಗುಣಿಸಿದರೆ ಒಂದೇ ಉತ್ತರ ಬರುವುದಿಲ್ಲ ಎನ್ನುವ ಸಾಲು.

ಬಾರ್ನ್ ಕಥೆ ನಮ್ಮ ಮಕ್ಕಳಿಗೆ ಗೊತ್ತಿರಲೇಬೇಕು. 1933ರಲ್ಲಿ ನಾಜಿಗಳು ಯಹೂದಿ ಪ್ರೊಫೆಸರ್‌ಗಳನ್ನು ಕೆಲಸದಿಂದ ತೆಗೆದಾಗ ಬಾರ್ನ್ ಗೊಟ್ಟಿಂಗನ್ ಬಿಟ್ಟು ಇಂಗ್ಲೆಂಡಿಗೆ ಹೋದರು. 1935ರಲ್ಲಿ ಬಾರ್ನ್ ಅವರನ್ನು ಸಿ.ವಿ. ರಾಮನ್ ಬೆಂಗಳೂರಿಗೆ ಕರೆಸಿಕೊಂಡರು. ಆರು ತಿಂಗಳ ಹತ್ತಿರ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಈಗಿನ ಐಐಎಸ್‌ಸಿಯಲ್ಲಿ, ಇದ್ದರು. ರಾಮನ್ ಅವರಿಗೆ ಬಾರ್ನ್ ಇಲ್ಲೇ ನಿಲ್ಲಲಿ ಅಂತ ಆಸೆ. ಆದರೆ ಇನ್‌ಸ್ಟಿಟ್ಯೂಟಿನ ಒಳಜಗಳದಲ್ಲಿ ಅದು ಆಗಲಿಲ್ಲ. 1936ರಲ್ಲಿ ಬಾರ್ನ್ ಎಡಿನ್‌ಬರೊಗೆ ಹೋದರು, 1954ರಲ್ಲಿ ನೊಬೆಲ್ ಬಂತು. ಆ ಕಲ್ಲಿನ ಮುಂದೆ ನಿಂತು ಇದನ್ನು ಹೇಳಿದಾಗ ಒಬ್ಬ ಹುಡುಗ ಕೇಳಿದ, "ಯಾರು ಬೇಡ ಅಂದಿದ್ದು ಮೇಡಂ?" ಆ ಜಗಳದ ಕಥೆ ರಾತ್ರಿ ಊಟದವರೆಗೂ ಮುಂದುವರಿಯಿತು.

ಗೊಟ್ಟಿಂಗನ್ ಆದ ಮೇಲೆ ಮ್ಯೂನಿಕ್ ಇಟ್ಟರೆ ಒಂದಕ್ಕೊಂದು ಕೊಂಡಿ ಸಿಗುತ್ತದೆ. ಅಲ್ಲಿನ ಡಾಯ್ಚಸ್ ಮ್ಯೂಸಿಯಂನಲ್ಲಿ ಒಂದು ಹಳೇ ಮರದ ಮೇಜಿದೆ. ಯುರೇನಿಯಂ ಒಡೆದದ್ದು ಗೊತ್ತಾಗಲು ಕಾರಣವಾದ ಉಪಕರಣಗಳು ಅದರ ಮೇಲಿವೆ. ಬಹಳ ವರ್ಷ ಅದಕ್ಕೆ ಆಟೋ ಹಾನ್ ಮೇಜು ಅಂತಲೇ ಬೋರ್ಡಿತ್ತು. ಹಾನ್ ಜೊತೆ ದಶಕಗಟ್ಟಲೆ ದುಡಿದ ಲೀಸ ಮೈಟ್ನರ್ 1938ರ ಜುಲೈನಲ್ಲಿ ನಾಜಿಗಳಿಂದ ಜೀವ ಉಳಿಸಿಕೊಳ್ಳಲು ಬರ್ಲಿನ್ ಬಿಟ್ಟು ಓಡಬೇಕಾಯಿತು. ಡಿಸೆಂಬರ್‌ನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಕಂಡ ವಿಚಿತ್ರ ಫಲಿತಾಂಶಕ್ಕೆ ಭೌತಶಾಸ್ತ್ರದ ಅರ್ಥ ಕೊಟ್ಟದ್ದು ಮೈಟ್ನರ್ ಮತ್ತು ಅವರ ಅಕ್ಕನ ಮಗ ಫ್ರಿಶ್. 1944ರ ನೊಬೆಲ್ ಹಾನ್ ಒಬ್ಬರಿಗೇ ಹೋಯಿತು. ಇನ್ನೊಂದು ವಿಷಯ: ಆ ಉಪಕರಣಗಳು ಅಸಲಿನಲ್ಲಿ ಒಂದೇ ಮೇಜಿನ ಮೇಲೆ ಇರಲೇ ಇಲ್ಲ, ಬೇರೆ ಬೇರೆ ಕೋಣೆಗಳಲ್ಲಿದ್ದವು. ಜನ ನೋಡಲಿ ಅಂತ ಮ್ಯೂಸಿಯಂನವರು ಒಟ್ಟಿಗೆ ಜೋಡಿಸಿದ್ದು. ಬೋರ್ಡಿನಲ್ಲಿ ಬರೆದದ್ದನ್ನೆಲ್ಲ ನಂಬಬಾರದು ಅಂತ ಕಲಿಸಲು ಇದಕ್ಕಿಂತ ಒಳ್ಳೇ ಮೇಜು ಎಲ್ಲಿ ಸಿಗುತ್ತದೆ? (ಆ ಮ್ಯೂಸಿಯಂನ ದೊಡ್ಡ ಭಾಗ ದುರಸ್ತಿಗಾಗಿ ಮುಚ್ಚಿದೆ. ನಿಮ್ಮ ಏಜೆನ್ಸಿಗೆ ಇದು ಗೊತ್ತಾ ಅಂತ ಕೇಳಿ. ಗೊತ್ತಿಲ್ಲದಿದ್ದರೆ ಅವರು ಬ್ರೋಷರ್ ಬಿಟ್ಟು ಬೇರೇನೂ ಓದಿಲ್ಲ.)

ಕೊನೆಗೆ ಜಿನೀವಾ, ಅಲ್ಲಿನ ಸರ್ನ್ ಎಂಬ ಕಣ ಭೌತಶಾಸ್ತ್ರದ ದೊಡ್ಡ ಪ್ರಯೋಗಾಲಯ. ಇಲ್ಲಿಗಾಗಿಯೇ ತಂದೆ ತಾಯಿ ದುಡ್ಡು ಕಟ್ಟುವುದು. ಒಂದು ವಿಷಯ ತಿಳಿದಿರಲಿ. ಸರ್ನ್ ನೋಡಲು ಟಿಕೆಟ್ ಇಲ್ಲ. ಜಿನೀವಾ ಸ್ಟೇಷನ್‌ನಿಂದ 18ನೇ ನಂಬರ್ ಟ್ರಾಮ್ ಹತ್ತಿದರೆ ಬಾಗಿಲಿಗೇ ಬಿಡುತ್ತದೆ. 2023ರಲ್ಲಿ ಅಲ್ಲಿ ಶುರುವಾದ ಪ್ರದರ್ಶನ ಕೇಂದ್ರ ಸೈನ್ಸ್ ಗೇಟ್‌ವೇ ಕೂಡ ಉಚಿತ. ಗುಂಪಿನ ಬುಕಿಂಗ್ ಮಾತ್ರ ತುಂಬಾ ಮುಂಚೆ ಮಾಡಬೇಕು. "ಸರ್ನ್ ಪ್ರವೇಶ ಶುಲ್ಕ" ಅಂತ ಬಿಲ್ಲಿನಲ್ಲಿ ಇದ್ದರೆ ಅದು ಯಾವ ಲೆಕ್ಕ ಅಂತ ಕೇಳಿ.

ಮಕ್ಕಳಿಗೆ ಅಲ್ಲಿ ಮೊದಲು ನಿರಾಸೆ ಆಗುತ್ತದೆ. ಕಣಗಳನ್ನು ಸುತ್ತಿಸಿ ಡಿಕ್ಕಿ ಹೊಡೆಸುವ 27 ಕಿಲೋಮೀಟರ್ ಸುತ್ತಳತೆಯ ಯಂತ್ರ ಸುಮಾರು ನೂರು ಮೀಟರ್ ಆಳದಲ್ಲಿದೆ. ಓಡುತ್ತಿರುವಾಗ ಸುರಂಗಕ್ಕೆ ಯಾರನ್ನೂ ಬಿಡುವುದಿಲ್ಲ. ಹಾಗಾಗಿ ಎಲ್ಲರೂ ಭಾರತ 2004ರಲ್ಲಿ ಕೊಟ್ಟ ನಟರಾಜನ ಮುಂದೆ ಸೆಲ್ಫಿ ತೆಗೆದು ತೃಪ್ತಿಪಡುತ್ತಾರೆ. ತೆಗೆಯಲಿ. ಆದರೆ ಅದಕ್ಕಿಂತ ದೊಡ್ಡ ವಿಷಯ ನೆಲದ ಕೆಳಗಿದೆ. 15 ಮೀಟರ್ ಉದ್ದ, 35 ಟನ್ ತೂಕದ ಅಯಸ್ಕಾಂತಗಳು 1232 ಇವೆ. ಅವನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಹೊತ್ತು ಕೂರಿಸಿರುವ ಜಾಕ್‌ಗಳು ಭಾರತದಿಂದ ಹೋದವು, ಸುಮಾರು 7000. ತಯಾರಾದದ್ದು ಇಂದೋರ್‌ನಲ್ಲಿ ಮತ್ತು ನಮ್ಮ ಬೆಂಗಳೂರಿನಲ್ಲಿ. ಇದನ್ನು ಹೇಳಿದಾಗ, ಅಪ್ಪ ಪೀಣ್ಯದಲ್ಲಿ ಲೇತ್ ಕೆಲಸ ಮಾಡುವ ಹುಡುಗ ಟಾಲರೆನ್ಸ್ ಎಷ್ಟು, ಅಂದರೆ ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ, ಅಂತ ಕೇಳಿದ. ಅವತ್ತಿನ ಅತ್ಯುತ್ತಮ ಪ್ರಶ್ನೆ ಅದೇ.

ಆ ಅಯಸ್ಕಾಂತಗಳನ್ನು ಮೈನಸ್ 271 ಡಿಗ್ರಿಗೆ ತಣ್ಣಗಿಡುವುದು ಹೀಲಿಯಂ. ಆ ಹೀಲಿಯಂ ಮೊದಲು ದ್ರವ ಆದದ್ದು ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ, 1908ರ ಜುಲೈ 10ರಂದು. ಮಾಡಿದವರು ಕ್ಯಾಮರ್ಲಿಂಗ್ ಓನ್ಸ್. ಮೂರು ವರ್ಷ ಕಳೆದು ಅದೇ ಲ್ಯಾಬಿನಲ್ಲಿ, ಅಷ್ಟು ಚಳಿಯಲ್ಲಿ ಪಾದರಸ ವಿದ್ಯುತ್ತಿಗೆ ಅಡ್ಡಿಯನ್ನೇ ಮಾಡುವುದಿಲ್ಲ ಅಂತ ಕಂಡರು. ಆ ಗುಣ ಇಲ್ಲದಿದ್ದರೆ ಸರ್ನ್ ಯಂತ್ರವೇ ಇಲ್ಲ. ಆಮ್‌ಸ್ಟರ್‌ಡ್ಯಾಂನಲ್ಲಿ ದೋಣಿ ಹತ್ತಿಸುವ ಏಜೆನ್ಸಿಗಳಿಗೆ ಅಲ್ಲಿಂದ ಮುಕ್ಕಾಲು ಗಂಟೆ ದೂರದ ಲೈಡನ್ ಕಾಣುವುದಿಲ್ಲ. ಊರಿನ ಗೋಡೆಗಳ ಮೇಲೆ ಫಿಸಿಕ್ಸ್ ಸಮೀಕರಣ ಬರೆದಿರುವ ಊರು ಮಾರಾಯರೆ ಅದು!

ಸರ್ನ್‌ನಲ್ಲಿ ಗೈಡ್ ಸಿಕ್ಕರೆ ಸೋಲಿನ ಕಥೆ ಕೇಳಿಸಿ. 2008ರ ಸೆಪ್ಟೆಂಬರ್‌ನಲ್ಲಿ ಯಂತ್ರ ಶುರುವಾಗಿ ಒಂಬತ್ತೇ ದಿನಕ್ಕೆ ಎರಡು ಅಯಸ್ಕಾಂತಗಳ ನಡುವಿನ ಒಂದು ವೈರಿಂಗ್ ಜೋಡಣೆ ಕೆಟ್ಟು, ಹೀಲಿಯಂ ಸ್ಫೋಟದಂತೆ ನುಗ್ಗಿ, ಒಂದು ವರ್ಷಕ್ಕೂ ಜಾಸ್ತಿ ಕೆಲಸ ನಿಂತಿತು. 2016ರಲ್ಲಿ ಮುಂಗುಸಿಯಂಥ ಒಂದು ಪ್ರಾಣಿ ಟ್ರಾನ್ಸ್‌ಫಾರ್ಮರ್‌ಗೆ ಹತ್ತಿ ಕರೆಂಟ್ ತೆಗೆಯಿತು. ನಮ್ಮ ಹುಡುಗರು ಇದಕ್ಕೆ ಬಿದ್ದು ಬಿದ್ದು ನಕ್ಕರು. ಬೆಸ್ಕಾಂ ಕಂಡ ಮಕ್ಕಳು, ತಕ್ಷಣ ಅರ್ಥವಾಯಿತು.

"ಇದನ್ನೆಲ್ಲ ಯೂಟ್ಯೂಬಲ್ಲೇ ನೋಡಬಹುದಲ್ವಾ?" ಅಂತ ಕೇಳುವವರಿದ್ದಾರೆ. ನೋಡಬಹುದು. ಆದರೆ ಲೋಲಕದ ವಿಡಿಯೊವನ್ನು ಅರ್ಧ ಗಂಟೆ ಯಾರು ನೋಡುತ್ತಾರೆ? ನಾನೇ ನೋಡಲ್ಲ. "ಮೊದಲು ಇಲ್ಲಿಯದನ್ನು ತೋರಿಸಿ" ಅನ್ನುವ ಮಾತಿಗೆ ಮಾತ್ರ ನನ್ನ ಪೂರ್ತಿ ಒಪ್ಪಿಗೆ ಇದೆ. ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲೇ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣ ಪತ್ತೆ ಆಗಿತ್ತು ಅಂತ ಗೊತ್ತಿಲ್ಲದ ಮಗುವನ್ನು ಜಿನೀವಾಕ್ಕೆ ಕರೆದುಕೊಂಡು ಹೋಗಲು ನನಗೆ ನಾಚಿಕೆ ಆಗುತ್ತದೆ. ಹೊರಡುವ ಮುಂಚೆ ಎರಡು ತಿಂಗಳು ವಾರಕ್ಕೊಂದು ಕ್ಲಾಸ್ ಇಡುವುದಿಲ್ಲ ಅಂದರೆ ಟೂರ್ ಮಾಡಲೇಬೇಡಿ.

ದುಡ್ಡಿನ ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಇಂಥ ಟೂರ್‌ಗೆ ಹೋಗುವುದು ವಿಜ್ಞಾನದಲ್ಲಿ ಆಸಕ್ತಿ ಇರುವವರಲ್ಲ, ಅಪ್ಪನಿಗೆ ಹಣ ಇರುವವರು. ಆ ಲೇತ್ ಕೆಲಸದವರ ಮಗ ಬಂದದ್ದು ಸೊಸೈಟಿಯಲ್ಲಿ ಸಾಲ ತೆಗೆದು. ಈ ವರ್ಷ ನಮ್ಮ ಕಾಲೇಜಿನ ಕಮಿಟಿಗೆ ಒಂದು ಪಟ್ಟಿ ಬರೆದು ಕೊಟ್ಟಿದ್ದೇನೆ: ಪ್ಯಾರಿಸ್, ಲೈಡನ್, ಗೊಟ್ಟಿಂಗನ್, ಜಿನೀವಾ. ಮ್ಯೂನಿಕ್ ಪೂರ್ತಿ ತೆರೆದ ಮೇಲೆ ನೋಡೋಣ. ಬಸ್ಸಿಲ್ಲ, ರೈಲು. ಹೋಟೆಲಿಲ್ಲ, ಯೂತ್ ಹಾಸ್ಟೆಲ್. ಬೇಳೆಸಾರಿನ ಪೌಡರ್, ಕುಕ್ಕರ್ ನಾವೇ ಒಯ್ಯುವುದು. ಉಳಿದ ಹಣದಲ್ಲಿ, ಕಟ್ಟಲು ಆಗದ ಇಬ್ಬರನ್ನಾದರೂ ಪರೀಕ್ಷೆ ಬರೆಸಿ ಆರಿಸಿ ಕರೆದೊಯ್ಯುವುದು. ಕಮಿಟಿಯಲ್ಲಿ ಒಬ್ಬರು ಪಟ್ಟಿ ಓದಿ, "ಸ್ವಿಟ್ಜರ್ಲೆಂಡಿಗೆ ಹೋಗಿ ಹಿಮ ನೋಡದೆ ಬರೋದಾ ಮೇಡಂ? ಪೇರೆಂಟ್ಸ್ ಒಪ್ಪಲ್ಲ" ಅಂದರು. ಮುಂದಿನ ವಾರ ಪೇರೆಂಟ್ಸ್ ಮೀಟಿಂಗ್ ಇದೆ. ನಮ್ಮ ಕಾಲೇಜಿನ ಪೋಷಕರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬನ್ನಿ, ಸ್ವಲ್ಪ ಬೇಗನೇ ಬಂದು ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ.