ತಲೆಗೆ ಪಟ್ಟಿ ಕಟ್ಟಿದರೆ ಗಣಿತ ಬರುತ್ತಾ?

ಕಲಬುರಗಿಯ ಪಾಲಕರೇ, ಮಕ್ಕಳ ಏಕಾಗ್ರತೆ ಹೆಚ್ಚಿಸುತ್ತೇವೆ ಅಂತ, ತಲೆಗೆ ಕಟ್ಟಿ ಮಿದುಳಿನ ಅಲೆ ಓದುವ ನ್ಯೂರೋಫೀಡ್‌ಬ್ಯಾಕ್ ಪಟ್ಟಿ ತೋರಿಸುವವರು ಈಗ ನಮ್ಮೂರಿಗೂ ಬಂದಿದ್ದಾರೆ. ದಯವಿಟ್ಟು ಆ ಫೀಸ್ ಕಟ್ಟಬೇಡಿ.

2025ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆ. ನಿಮ್ಮ ಭಯ ನನಗೆ ಗೊತ್ತು, ಗಣಿತ ಕಲಿಸುವವನು ನಾನು. ಆ ಭಯವನ್ನೇ ಬಂಡವಾಳ ಮಾಡಿಕೊಂಡರೆ ಹೊಟ್ಟೆ ಉರಿಯುತ್ತದೆ.

ಮಿದುಳಿನ ಕರೆಂಟನ್ನು ತಲೆಯ ಮೇಲಿಂದಲೇ ಅಳೆಯಬಹುದು ಅಂತ ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ 1929ರಲ್ಲೇ ಬರೆದರು. ಮಂಪರಿನಲ್ಲಿ ಥೀಟಾ ಎಂಬ ನಿಧಾನದ ಅಲೆ ಜಾಸ್ತಿ, ಚುರುಕಾಗಿದ್ದಾಗ ಬೀಟಾ ಎಂಬ ವೇಗದ ಅಲೆ ಜಾಸ್ತಿ. ಪಟ್ಟಿ ಈ ಅಲೆಗಳನ್ನು ಹಿಡಿದು ಆಟ ಆಡಿಸುತ್ತದೆ: ಬೀಟಾ ಏರಿದರೆ ಪರದೆ ಮೇಲೆ ಕಾರು ಓಡುತ್ತದೆ, ಇಳಿದರೆ ನಿಲ್ಲುತ್ತದೆ. ಆಡುತ್ತಾ ಆಡುತ್ತಾ ಮಿದುಳು ಪಳಗುತ್ತದೆ ಅನ್ನುವುದು ಲೆಕ್ಕ. ಸುಮ್ನೆ ತಳ್ಳಿಹಾಕುವ ವಿಚಾರವಲ್ಲ, 1970ರ ದಶಕದಿಂದ ವಿಜ್ಞಾನಿಗಳು ಇದರ ಬೆನ್ನು ಹತ್ತಿದ್ದಾರೆ.

ಆದರೆ ಈ ಅಲೆಗಳು ಮೈಕ್ರೋವೋಲ್ಟ್, ಅಂದರೆ ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕದವು. ಹುಬ್ಬು ಗಂಟಿಕ್ಕಿದರೆ ಸಾಕು, ಸ್ನಾಯುವಿನ ಕರೆಂಟೇ ಅದಕ್ಕಿಂತ ಜೋರು, ಪಟ್ಟಿ ಅದನ್ನೇ ಬೀಟಾ ಅಂದುಕೊಳ್ಳಬಹುದು. ನಾನು ನೋಡಿದ ಡೆಮೊದಲ್ಲಿ ಹುಡುಗನೊಬ್ಬ ಹಲ್ಲು ಕಚ್ಚಿ ಕಾರು ಓಡಿಸುತ್ತಿದ್ದ. ಕಪಾಳದ ಸ್ನಾಯು ಬಿಗಿದು ಎದ್ದು ಕಾಣುತ್ತಿತ್ತು. ಅವನಪ್ಪ ನನ್ನ ಕಡೆ ತಿರುಗಿ, "ಇದು ಹಾಕಿದ್ರ ಗಣಿತದಾಗ ಪಾಸ್ ಆಗ್ತಾನೇನ್ರಿ ಸರ್?" ಅಂದರು. ಅವರ ಕೈಯಲ್ಲಿದ್ದದ್ದು ತೊಗರಿ ಮಾರಿದ ದುಡ್ಡು.

ಅಮೆರಿಕದಲ್ಲಿ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಸುವ ತೊಂದರೆ) ಇರುವ, 7ರಿಂದ 10 ವರ್ಷದ 140ಕ್ಕೂ ಹೆಚ್ಚು ಮಕ್ಕಳಿಗೆ ಇದನ್ನು ಕೊಟ್ಟು ನೋಡಿದರು. ಒಬ್ಬೊಬ್ಬರಿಗೆ 38 ಸಲ. ಕೆಲವರಿಗೆ ಅವರದೇ ಮಿದುಳಿನ ಸಿಗ್ನಲ್, ಉಳಿದವರಿಗೆ ಬೇರೆ ಮಗುವಿನ ರೆಕಾರ್ಡಿಂಗ್. ಯಾರಿಗೆ ಯಾವುದು ಅಂತ ಅಪ್ಪ ಅಮ್ಮನಿಗೂ ಗೊತ್ತಿರಲಿಲ್ಲ. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಎರಡೂ ಗುಂಪು ಸುಧಾರಿಸಿದ್ದವು, ಹೆಚ್ಚುಕಡಿಮೆ ಒಂದೇ ಸಮ!

ಎರಡೂ ಗುಂಪಿಗೆ ಸಿಕ್ಕಿದ್ದೇನು ಹಾಗಾದರೆ? ನಿದ್ದೆ, ಊಟದ ಬಗ್ಗೆ ಸಲಹೆ. ತಪ್ಪದೆ ಪಕ್ಕದಲ್ಲಿ ಕೂರುವ ಒಬ್ಬ ದೊಡ್ಡವರು. ಸುಧಾರಣೆ ಅಲ್ಲಿಂದಲೇ ಬಂದಿರಬೇಕು ಅನ್ನುವುದು ನನ್ನ ನಂಬಿಕೆ.

ನಮ್ಮ ಮಕ್ಕಳ ನಿದ್ದೆ ನೋಡಿ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಬಿಸಿಲು, ರಾತ್ರಿಯೂ ಕಾಯ್ದ ತಗಡಿನ ಮನೆ, ನಡುರಾತ್ರಿ ಕರೆಂಟ್ ಹೋದರೆ ಫ್ಯಾನೂ ಇಲ್ಲ. ಬೆಳಿಗ್ಗೆ ಟ್ಯೂಷನ್ನು. ಆ ಮಗು ತೂಕಡಿಸಿದರೆ ತಪ್ಪು ಅದರ ಮಿದುಳಿನದಾ? ಪಟ್ಟಿಯ ದುಡ್ಡಲ್ಲಿ ಒಂದು ಕೂಲರ್ ತನ್ನಿ. ಸಂಜೆ ಮೊಬೈಲ್ ಆಚೆ ಇಟ್ಟು ಅರ್ಧ ತಾಸು ಪಕ್ಕದಲ್ಲಿ ಕೂಡಿ. ಓದು ಬರದಿದ್ದರೂ ಪರವಾಗಿಲ್ಲ, ಮಗು ಮಾಡಿದ ಲೆಕ್ಕವನ್ನು ಅದರ ಬಾಯಿಂದಲೇ ಕೇಳಿ.

ನಿಜಕ್ಕೂ ಎಡಿಎಚ್‌ಡಿ ಇರಬಹುದು ಅನ್ನಿಸಿದರೆ ತಡಮಾಡಬೇಡಿ. ನಮ್ಮೂರಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ಮನೋವೈದ್ಯರಿಗೆ ತೋರಿಸಿ, ಅದಕ್ಕೆ ಪರೀಕ್ಷೆಯಾದ ಔಷಧಿ ಇದೆ.