ಅಳಿಸಿದ ಒಂದು ಸಾಲು, ನಾಲ್ಕು ವಿಚಾರಣೆ

ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ನಗರದಲ್ಲಿ 1981ರ ಮೇ 2ರಂದು, ಇನ್ನೂ ಬೆಳಕು ಹರಿಯುವ ಮುನ್ನ, ಡ್ಯಾನಿ ಹ್ಯಾನ್ಸ್‌ಫರ್ಡ್ ಎಂಬ 21 ವರ್ಷದ ಯುವಕ ಗುಂಡೇಟಿನಿಂದ ಸತ್ತ. ಗುಂಡು ಹಾರಿಸಿದವರು ಯಾರೆಂಬ ಬಗ್ಗೆ ಅಂದಿನಿಂದ ಇಂದಿನವರೆಗೂ ವಿವಾದವಿಲ್ಲ. ಡ್ಯಾನಿಗೆ ಕೆಲಸ ಕೊಟ್ಟಿದ್ದ, ಆತನೊಂದಿಗೆ ದೈಹಿಕ ಸಂಬಂಧವನ್ನೂ ಹೊಂದಿದ್ದ ಪುರಾತನ ವಸ್ತುಗಳ ವ್ಯಾಪಾರಿ ಜಿಮ್ ವಿಲಿಯಮ್ಸ್, ತಾನೇ ಗುಂಡು ಹಾರಿಸಿದ್ದಾಗಿ ಪೊಲೀಸರಿಗೆ ಹೇಳಿದ. ಅದು ಕೊಲೆಯೋ ಆತ್ಮರಕ್ಷಣೆಯೋ ಎಂಬುದಷ್ಟೇ ಪ್ರಶ್ನೆಯಾಗಿತ್ತು. ಆ ಒಂದು ಪ್ರಶ್ನೆಗಾಗಿ ಎಂಟು ವರ್ಷಗಳಲ್ಲಿ ನಾಲ್ಕು ಸಲ ವಿಚಾರಣೆ ನಡೆಯಿತು. ಈ ಪ್ರಕರಣದ ಬಗ್ಗೆ ಬಂದಿರುವ ಬಹುಪಾಲು ಬರಹಗಳು ಊರಿನ ವೈಚಿತ್ರ್ಯವನ್ನೂ ವಿಲಿಯಮ್ಸ್‌ನ ಠೀವಿಯನ್ನೂ ಬಣ್ಣಿಸುತ್ತವೆ. ನನ್ನ ಮನಸ್ಸನ್ನು ಕಾಡುವುದು ಪೊಲೀಸ್ ವರದಿಯ ಒಂದು ಸಾಲು. ಡ್ಯಾನಿಯ ಸಾವಿನ ಸತ್ಯ ಶಾಶ್ವತವಾಗಿ ಕೈತಪ್ಪಿಹೋಗಲು ಆ ಸಾಲನ್ನು ಮರೆಮಾಚಿದ್ದೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ.

ಮೊದಲು ಊರಿನ ಬಗ್ಗೆ ಹೇಳಬೇಕು, ಏಕೆಂದರೆ ಈ ಕಥೆಯನ್ನು ಊರಿನಿಂದ ಬೇರ್ಪಡಿಸಿ ಹೇಳಲು ಬರುವುದಿಲ್ಲ. 1733ರಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಸ್ಥಾಪಿಸಿದ ಸವಾನಾ, ಮರಗಳಿಂದ ಕೂಡಿದ ಚೌಕಗಳ ಸುತ್ತ ಮನೆಗಳನ್ನು ಜೋಡಿಸಿದ ಅಚ್ಚುಕಟ್ಟಾದ ನಗರ. ಅಂಥ 24 ಚೌಕಗಳಲ್ಲಿ 22 ಇಂದಿಗೂ ಉಳಿದಿವೆ. ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಸೇನೆಯ ಜನರಲ್ ಶೆರ್ಮನ್ ದಾರಿಯುದ್ದಕ್ಕೂ ನಾಶಮಾಡುತ್ತ ಬಂದರೂ ಈ ಊರನ್ನು ಸುಡದೆ, 1864ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಲಿಂಕನ್ ಅವರಿಗೆ ಕ್ರಿಸ್‌ಮಸ್ ಉಡುಗೊರೆಯೆಂದು ತಂತಿ ಕಳಿಸಿದ. ಯುದ್ಧದಿಂದ ಪಾರಾದ ಹಳೆಯ ಕಟ್ಟಡಗಳಿಗೆ ಇಪ್ಪತ್ತನೆಯ ಶತಮಾನದ ಅಭಿವೃದ್ಧಿ ಕಂಟಕವಾಯಿತು. 1954ರಲ್ಲಿ ಹಳೆಯ ಸಿಟಿ ಮಾರ್ಕೆಟ್ಟನ್ನು ಕೆಡವಿ ವಾಹನ ನಿಲುಗಡೆಯ ಕಟ್ಟಡ ಕಟ್ಟಿದಾಗ ಊರು ಎಚ್ಚೆತ್ತಿತು, ಮರುವರ್ಷವೇ ಏಳು ಮಂದಿ ಮಹಿಳೆಯರು ಸೇರಿ ಹಿಸ್ಟಾರಿಕ್ ಸವಾನಾ ಫೌಂಡೇಶನ್ ಕಟ್ಟಿದರು. ಹಳೆಯ ಮನೆಗಳನ್ನು ಉಳಿಸುವ ಆ ಉತ್ಸಾಹದ ಕಾಲದಲ್ಲೇ, ಯಾವ ಮನೆತನದ ಬಲವೂ ಇಲ್ಲದೆ ಸಣ್ಣ ಊರಿನಿಂದ ಬಂದ ವಿಲಿಯಮ್ಸ್ ಬೆಳೆದ. ಆತ ಐವತ್ತಕ್ಕೂ ಹೆಚ್ಚು ಮನೆಗಳನ್ನು ಕೊಂಡು ದುರಸ್ತಿ ಮಾಡಿದ. ಅವುಗಳಲ್ಲಿ ಅತ್ಯಂತ ಭವ್ಯವಾದದ್ದು ಮಾಂಟೆರೆ ಚೌಕದ ಎದುರಿನ ಮರ್ಸರ್ ಹೌಸ್. ಗೀತರಚನಕಾರ ಜಾನಿ ಮರ್ಸರ್‌ನ ಮುತ್ತಜ್ಜನಿಗಾಗಿ 1860ರಲ್ಲಿ ಕಟ್ಟಲು ತೊಡಗಿದ ಆ ಮನೆಯಲ್ಲಿ ಮರ್ಸರ್ ವಂಶದವರು ಯಾರೂ ವಾಸಿಸಲೇ ಇಲ್ಲ. ಪಾಳು ಬಿದ್ದಿದ್ದ ಮನೆಯನ್ನು ವಿಲಿಯಮ್ಸ್ 1969ರಲ್ಲಿ ಕೊಂಡ. ಅದೇ ಮನೆಯ ಓದುವ ಕೋಣೆಯ ನೆಲದ ಮೇಲೆ ಡ್ಯಾನಿ ಸತ್ತು ಬಿದ್ದಿದ್ದ.

1994ರಲ್ಲಿ ಜಾನ್ ಬೆರೆಂಟ್ ಬರೆದ 'ಮಿಡ್‌ನೈಟ್ ಇನ್ ದ ಗಾರ್ಡನ್ ಆಫ್ ಗುಡ್ ಅಂಡ್ ಈವಿಲ್' ಎಂಬ ಪುಸ್ತಕ ಪ್ರಕರಣವನ್ನು ಜಗತ್ತಿಗೆ ಪರಿಚಯಿಸಿತು. ನ್ಯೂಯಾರ್ಕ್ ಟೈಮ್ಸ್‌ನ ಜನಪ್ರಿಯ ಪುಸ್ತಕಗಳ ಪಟ್ಟಿಯಲ್ಲಿ ಅದು 216 ವಾರ ಇತ್ತು. ಇಲ್ಲದ ನಾಯಿಗೆ ಹಗ್ಗ ಹಿಡಿದು ವಾಯುವಿಹಾರಕ್ಕೆ ಹೋಗುವ ಮನುಷ್ಯ, ಸಾವಿರಾರು ಹಾಡುಗಳನ್ನು ಬಾಯಿಪಾಠವಾಗಿ ನುಡಿಸುವ ಪಿಯಾನೋ ವಾದಕಿ, ಸ್ಮಶಾನದಲ್ಲಿ ಮಾಟಮಂತ್ರ ಮಾಡುವ ಹೆಂಗಸು, ಇವರೆಲ್ಲ ಅದರ ಪುಟಗಳಲ್ಲಿ ಜೀವಂತವಾಗಿದ್ದಾರೆ. ಅದು ಚೆನ್ನಾಗಿ ಬರೆದ ಪುಸ್ತಕವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬೆರೆಂಟ್ ಘಟನೆಗಳ ಕಾಲಕ್ರಮವನ್ನು ಬದಲಿಸಿದ್ದಾನೆ, ಹಾಗೆ ಸ್ವಾತಂತ್ರ್ಯ ತೆಗೆದುಕೊಂಡದ್ದನ್ನು ಪುಸ್ತಕದಲ್ಲೇ ಒಪ್ಪಿಕೊಂಡಿದ್ದಾನೆ. ಆತ ಊರಿಗೆ ಬಂದು ನೆಲೆಸಿದ್ದು ಕೊಲೆಯಾದ ನಂತರವಾದರೂ, ಪುಸ್ತಕದಲ್ಲಿ ಕೊಲೆ ನಡೆಯುವುದು ಆತ ಅಲ್ಲಿರುವಾಗಲೇ, ಅದೂ ಅರ್ಧದಷ್ಟು ಪುಟಗಳು ಕಳೆದ ಮೇಲೆ. ಅಷ್ಟು ಹೊತ್ತಿಗೆ ಓದುಗ ವಿಲಿಯಮ್ಸ್‌ನ ಮಾತಿನ ಚಾತುರ್ಯಕ್ಕೂ ಆತನ ಔತಣಕೂಟಗಳಿಗೂ ಮಾರುಹೋಗಿರುತ್ತಾನೆ. ಡ್ಯಾನಿ ಮಾತ್ರ ಕೋಪಿಷ್ಠನಾಗಿ, ಕುಡುಕನಾಗಿ, ಮನೆಗೆ ನುಗ್ಗಿದ ಕೇಡಿನಂತೆ ಬಂದು ಹೋಗುತ್ತಾನೆ. 1997ರ ಚಲನಚಿತ್ರವಂತೂ ನಾಲ್ಕು ವಿಚಾರಣೆಗಳನ್ನು ಒಂದಾಗಿಸಿಬಿಟ್ಟಿತು. ಹಾಗೆ ಮಾಡಿದಾಗ ಈ ಪ್ರಕರಣದ ತಿರುಳೇ ಉಳಿಯುವುದಿಲ್ಲ.

ಇನ್ನು ಸಾಕ್ಷ್ಯಕ್ಕೆ ಬರೋಣ. ಡ್ಯಾನಿ ತನ್ನ ಮೇಲೆ ಮೊದಲು ಗುಂಡು ಹಾರಿಸಿದ, ಗುರಿ ತಪ್ಪಿತು, ಆಗ ಮೇಜಿನ ಡ್ರಾಯರ್‌ನಿಂದ ಜರ್ಮನ್ ಲ್ಯೂಗರ್ ಪಿಸ್ತೂಲನ್ನು ತೆಗೆದು ತಾನು ಹಾರಿಸಿದೆ ಎಂಬುದು ವಿಲಿಯಮ್ಸ್‌ನ ಹೇಳಿಕೆ. ಪ್ರಾಸಿಕ್ಯೂಷನ್, ಅಂದರೆ ಸರ್ಕಾರದ ಪರ ವಕೀಲರು, ಇದನ್ನು ಒಪ್ಪಲಿಲ್ಲ, ಒಪ್ಪದಿರಲು ಗಟ್ಟಿಯಾದ ಕಾರಣಗಳೂ ಇದ್ದವು. ಡ್ಯಾನಿಯ ಕೈಗಳ ಮೇಲೆ ಸಿಡಿಮದ್ದಿನ ಕಣಗಳು ಸಿಗಲಿಲ್ಲ. ಎದೆಗಷ್ಟೇ ಅಲ್ಲದೆ ಬೆನ್ನಿಗೂ ಕಿವಿಯ ಹಿಂಭಾಗಕ್ಕೂ ಗುಂಡು ತಗುಲಿತ್ತು. ಕುರ್ಚಿಯೊಂದರ ಕಾಲು ಸತ್ತವನ ಪ್ಯಾಂಟಿನ ಬಟ್ಟೆಯ ಮೇಲೆ ನಿಂತಿತ್ತು, ಅಂದರೆ ಆತ ಬಿದ್ದ ಮೇಲೆ ಯಾರೋ ಕುರ್ಚಿಯನ್ನು ಸರಿಸಿರಬೇಕು. ಈ ಸಾಕ್ಷ್ಯದ ಬಲವೊಂದೇ ಸಾಕಿತ್ತೋ ಇಲ್ಲವೋ ಎಂಬುದನ್ನು ಪ್ರಾಮಾಣಿಕವಾಗಿ ಜ್ಯೂರಿಯ (ತೀರ್ಪು ಹೇಳುವ ಹನ್ನೆರಡು ನಾಗರಿಕರ ಮಂಡಳಿಯ) ಮುಂದಿಟ್ಟಿದ್ದರೆ ಮೊದಲ ವಿಚಾರಣೆಯಲ್ಲೇ ಇತ್ಯರ್ಥವಾಗಬಹುದಿತ್ತು.

ಆದರೆ ಕೊಲೆಗೆ ಒಂದು ತಿಂಗಳು ಮೊದಲು, ಏಪ್ರಿಲ್ 3ರಂದು, ಅದೇ ಮನೆಯಲ್ಲಿ ಇನ್ನೊಂದು ಘಟನೆ ನಡೆದಿತ್ತು. ಡ್ಯಾನಿ ರೊಚ್ಚಿಗೆದ್ದು ಸಾಮಾನುಗಳನ್ನು ಒಡೆದು, ಮಲಗುವ ಕೋಣೆಯ ನೆಲಕ್ಕೆ ಗುಂಡು ಹಾರಿಸಿದನೆಂದು ವಿಲಿಯಮ್ಸ್ ಪೊಲೀಸರನ್ನು ಕರೆಸಿದ್ದ. ಆತ್ಮರಕ್ಷಣೆಯ ವಾದಕ್ಕೆ ನೆಲೆ ಒದಗಿಸಲು ವಿಲಿಯಮ್ಸ್ ಆ ಘಟನೆಯನ್ನು ಮುಂಚಿತವಾಗಿ ತಾನೇ ಸೃಷ್ಟಿಸಿದ್ದನೆಂಬುದು ಪ್ರಾಸಿಕ್ಯೂಷನ್ನಿನ ವಾದ. 1982ರ ವಿಚಾರಣೆಯಲ್ಲಿ, ನೆಲದಲ್ಲಿದ್ದ ಗುಂಡಿನ ತೂತು ಹೊಸದೋ ಹಳೆಯದೋ ತನಗೆ ಹೇಳಲಾಗದು ಎಂದು ಪೊಲೀಸ್ ಅಧಿಕಾರಿ ಸಾಕ್ಷ್ಯ ನುಡಿದ. ವಿಲಿಯಮ್ಸ್ ತಪ್ಪಿತಸ್ಥನೆಂದು ತೀರ್ಪಾಗಿ ಜೀವಾವಧಿ ಶಿಕ್ಷೆಯಾಯಿತು. ಅನಂತರ ಯಾರೋ ಹೆಸರು ಹೇಳದೆ ಅದೇ ಅಧಿಕಾರಿಯ ವರದಿಯ ಪೂರ್ಣ ಪ್ರತಿಯನ್ನು ಪ್ರತಿವಾದಿ ವಕೀಲರಿಗೆ ಕಳಿಸಿಕೊಟ್ಟರು. ಅದರಲ್ಲಿ, ನೆಲದಲ್ಲಿ ಹೊಸ ಗುಂಡಿನ ಗುರುತು ಕಂಡುಬಂದಿದೆ ಎಂಬ ಸಾಲು ಸ್ಪಷ್ಟವಾಗಿತ್ತು. ಪ್ರಾಸಿಕ್ಯೂಷನ್ ಮೊದಲು ಕೊಟ್ಟಿದ್ದ ಪ್ರತಿಯಲ್ಲಿ ಆ ಭಾಗ ಕಾಣದಂತೆ ಅಳಿಸಲಾಗಿತ್ತು.

ವಿಲಿಯಮ್ಸ್ ನಿರಪರಾಧಿಯೆಂದು ಆ ಸಾಲು ಸಾಧಿಸುವುದಿಲ್ಲ. ಏಪ್ರಿಲ್‌ನಲ್ಲಿ ಡ್ಯಾನಿಯೇ ಗುಂಡು ಹಾರಿಸಿದ್ದರೂ ಮೇ ತಿಂಗಳಲ್ಲಿ ನಡೆದದ್ದು ಕೊಲೆಯಾಗಿರಲು ಸಾಧ್ಯ. ಅದನ್ನು ಬಚ್ಚಿಡುವ ಅಗತ್ಯವೇ ಇರಲಿಲ್ಲ ಎಂದು ನಾನು ಹೇಳುವುದು ಅದಕ್ಕೇ. ಬಚ್ಚಿಟ್ಟದ್ದು ಬಯಲಾದ ಮೇಲೆ ಜಾರ್ಜಿಯಾದ ಸುಪ್ರೀಂ ಕೋರ್ಟ್ ತೀರ್ಪನ್ನು ರದ್ದುಪಡಿಸಿತು. ಸತ್ಯಶೋಧನೆಯ ಪ್ರಕ್ರಿಯೆಯನ್ನು ಕೆಡಿಸುವುದನ್ನು ಒಪ್ಪುವುದಿಲ್ಲವೆಂದು ಕಟುವಾಗಿಯೇ ಹೇಳಿತು. ಆ ನ್ಯಾಯಮೂರ್ತಿಗಳು ಸರಿಯಾದದ್ದನ್ನೇ ಮಾಡಿದರು. ಆದರೆ ಅದರ ಬೆಲೆ ತೆತ್ತದ್ದು ಸತ್ತ ಹುಡುಗ ಮತ್ತು ಆತನ ತಾಯಿ.

ಒಂದೇ ಅಪರಾಧಕ್ಕೆ ಒಬ್ಬನನ್ನು ನಾಲ್ಕು ಸಲ ವಿಚಾರಣೆಗೆ ಒಳಪಡಿಸುವುದು ಹೇಗೆ ಸಾಧ್ಯವೆಂದು ಕೆಲವರಿಗೆ ಅನ್ನಿಸಬಹುದು. ಆರೋಪಿ ತಾನೇ ಮೇಲ್ಮನವಿ ಸಲ್ಲಿಸಿ ಶಿಕ್ಷೆಯನ್ನು ರದ್ದುಪಡಿಸಿಕೊಂಡರೆ ಅಥವಾ ಜ್ಯೂರಿ ಒಮ್ಮತಕ್ಕೆ ಬರದಿದ್ದರೆ ಅಮೆರಿಕದ ಕಾನೂನು ಮರುವಿಚಾರಣೆಗೆ ಅವಕಾಶ ಕೊಡುತ್ತದೆ. 1983ರ ಎರಡನೆಯ ವಿಚಾರಣೆಯಲ್ಲೂ ವಿಲಿಯಮ್ಸ್‌ಗೆ ಶಿಕ್ಷೆಯಾಯಿತು, 1985ರಲ್ಲಿ ಅದೂ ರದ್ದಾಯಿತು. ಜ್ಯೂರಿ ತಾನೇ ತೀರ್ಮಾನಿಸಬೇಕಾದ ವಿಷಯದಲ್ಲಿ ಪೊಲೀಸ್ ಅಧಿಕಾರಿಗೆ ತಜ್ಞನೆಂಬಂತೆ ಅಭಿಪ್ರಾಯ ಹೇಳಲು ಬಿಟ್ಟದ್ದು ಅದಕ್ಕೊಂದು ಕಾರಣ. 1987ರ ಮೂರನೆಯ ವಿಚಾರಣೆಯಲ್ಲಿ ಹನ್ನೊಂದು ಮಂದಿ ಒಂದು ಕಡೆ, ಒಬ್ಬರು ಇನ್ನೊಂದು ಕಡೆಯಾಗಿ ಜ್ಯೂರಿ ಒಡೆಯಿತು. ಆ ಹೊತ್ತಿಗೆ ಸಾಕ್ಷ್ಯವೂ ಸಡಿಲವಾಗಿತ್ತು. ಸಿಡಿಮದ್ದಿನ ಕಣಗಳು ಉದುರದಂತೆ ಸ್ಥಳದಲ್ಲೇ ಚೀಲ ಹಾಕಬೇಕಾಗಿದ್ದ ಡ್ಯಾನಿಯ ಕೈಗಳಿಗೆ ಚೀಲ ಹಾಕಿದ್ದು ಆಸ್ಪತ್ರೆಯಲ್ಲಿ ಎಂಬುದು ಆಸ್ಪತ್ರೆಯ ದಾಖಲೆಯಿಂದ ಹೊರಬಿತ್ತು. 1989ರಲ್ಲಿ ವಿಚಾರಣೆಯನ್ನು ಆಗಸ್ಟಾ ನಗರಕ್ಕೆ ವರ್ಗಾಯಿಸಿದಾಗ, ಅಲ್ಲಿನ ಜ್ಯೂರಿ ಒಂದು ಗಂಟೆಯೊಳಗೆ ವಿಲಿಯಮ್ಸ್‌ನನ್ನು ಬಿಡುಗಡೆ ಮಾಡಿತು. 1990ರ ಜನವರಿಯಲ್ಲಿ ಆತ 59ನೆಯ ವಯಸ್ಸಿನಲ್ಲಿ ಅದೇ ಮನೆಯಲ್ಲಿ ತೀರಿಕೊಂಡ.

ಪುಸ್ತಕದಿಂದ ಊರಿಗೆ ಒಳ್ಳೆಯದಾಯಿತು, ಪ್ರವಾಸಿಗರು ಬಂದರು, ಹಳೆಯ ಮನೆಗಳು ಉಳಿದವು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಮುಖಪುಟದಲ್ಲಿದ್ದ ಶಿಲ್ಪವನ್ನು ನೋಡಲು ಬೊನಾವೆಂಚರ್ ಸ್ಮಶಾನಕ್ಕೆ ಜನ ಎಷ್ಟು ಮುಗಿಬಿದ್ದರೆಂದರೆ, ಅದನ್ನು ಅಲ್ಲಿಂದ ತೆಗೆದು ಟೆಲ್‌ಫೇರ್ ಮ್ಯೂಸಿಯಮ್ಮಿಗೆ ಸಾಗಿಸಬೇಕಾಯಿತು. ಕೊಲೆಗೂ ಆ ಶಿಲ್ಪಕ್ಕೂ ಯಾವ ಸಂಬಂಧವೂ ಇಲ್ಲ. ಡ್ಯಾನಿಯ ಸಮಾಧಿ ಪಕ್ಕದ ಗ್ರೀನ್‌ವಿಚ್ ಸ್ಮಶಾನದಲ್ಲಿದೆ. ಡ್ಯಾನಿ ಒಳ್ಳೆಯ ಹುಡುಗನಾಗಿದ್ದನೆಂದು ನಾನು ವಾದಿಸುತ್ತಿಲ್ಲ; ಕೆಟ್ಟ ಕೋಪದ ಬಡ ಹುಡುಗನ ಸಾವಿಗೂ ನೇರವಾದ, ಕಲಬೆರಕೆಯಿಲ್ಲದ ಒಂದು ವಿಚಾರಣೆ ಸಲ್ಲಬೇಕಿತ್ತು ಎನ್ನುತ್ತಿದ್ದೇನೆ. ಅದು ಸಲ್ಲದಂತೆ ಮಾಡಿದ ಪ್ರಾಸಿಕ್ಯೂಷನ್ನಿನ ಮುಖ್ಯಸ್ಥ ಸ್ಪೆನ್ಸರ್ ಲಾಟನ್ 2008ರವರೆಗೂ ಸವಾನಾ ಸೇರಿದ ಚಾಟಮ್ ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿಯಾಗಿಯೇ ಮುಂದುವರಿದ. ಸವಾನಾದ ಕೊಲೆಯ ಕಥೆಯನ್ನು ಇನ್ನು ಮುಂದೆ ಯಾರು ಹೇಳಿದರೂ, ಇಲ್ಲದ ನಾಯಿಯ ಪ್ರಸಂಗಕ್ಕೆ ಮೀಸಲಿಡುವಷ್ಟು ಜಾಗವನ್ನಾದರೂ ಆ ಅಳಿಸಿದ ಸಾಲಿಗೆ ಕೊಡಬೇಕೆಂಬುದು ನನ್ನ ಒತ್ತಾಯ.